ಗದಗ ಸೀಮೆಯಲ್ಲಿ ಮಿತ ಫೋನು: ತಂತಿಯಿಂದ ಕೀಪ್ಯಾಡ್ ಸೆಟ್ಟಿನವರೆಗೆ

ಸ್ಮಾರ್ಟ್‌ಫೋನನ್ನು ಬದಿಗಿಟ್ಟು, ಕರೆಗೂ ಕಿರುಸಂದೇಶಕ್ಕೂ ಮಾತ್ರ ಬರುವ ಹಳೆಯ ಮಾದರಿಯ ಕೀಪ್ಯಾಡ್ ಸೆಟ್ಟಿಗೆ ಮರಳುವವರ ಸಂಗತಿಯನ್ನು ದೊಡ್ಡ ನಗರಗಳ ಹೊಸ ಹವ್ಯಾಸವೆಂಬಂತೆ ಪತ್ರಿಕೆಗಳು ಬಣ್ಣಿಸುತ್ತ ಬಂದಿವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಗಳನ್ನೊಳಗೊಂಡ ಸೀಮೆಯಲ್ಲಿ ದೂರದ ಮಾತು ನಡೆದುಬಂದ ದಾರಿಯನ್ನು ಹಿಂದಿನಿಂದ ಗಮನಿಸಿದವರಿಗೆ ಈ ಬಣ್ಣನೆ ಅಷ್ಟು ಸರಿಯೆನಿಸುವುದಿಲ್ಲ. ಏಕೆಂದರೆ ಇಲ್ಲಿ ಸುಮಾರು ನೂರಮೂವತ್ತು ವರ್ಷಗಳ ಕಾಲ ದೂರಸಂಪರ್ಕದ ಪ್ರತಿಯೊಂದು ಸಾಧನವೂ ಯಾವುದಾದರೊಂದು ಮಿತಿಯ ಒಳಗೇ ಕೆಲಸ ಮಾಡಿದ್ದು, ಆ ಮಿತಿಗಳೆಲ್ಲ ಒಟ್ಟಿಗೆ ಕಳಚಿಬಿದ್ದ ಕಾಲ ತೀರ ಇತ್ತೀಚಿನದು. ತಂತಿಯಲ್ಲಿ ಪದಕ್ಕೆ, ಟ್ರಂಕ್ ಕಾಲಿನಲ್ಲಿ ನಿಮಿಷಕ್ಕೆ, ಬೂತಿನಲ್ಲಿ ಸ್ಥಳಕ್ಕೆ, ಮೊದಲ ಮೊಬೈಲಿನಲ್ಲಿ ಹಣಕ್ಕೆ ಕಟ್ಟುಬಿದ್ದಿದ್ದ ಮಾತಿನ ಸುತ್ತ ಜನ ಹಲವು ಕಟ್ಟುಪಾಡುಗಳನ್ನು ತಾವೇ ರೂಪಿಸಿಕೊಂಡಿದ್ದರು. ಆ ಕಟ್ಟುಪಾಡುಗಳ ಚರಿತ್ರೆಯನ್ನು ತಿಳಿದರೆ, ಇಂದು ಸಣ್ಣ ಸೆಟ್ಟಿಗೆ ಮರಳುವವರು ಏನನ್ನು ಹುಡುಕುತ್ತಿದ್ದಾರೆ ಮತ್ತು ಒಬ್ಬೊಬ್ಬರೇ ಹುಡುಕಿದರೆ ಅದು ಏಕೆ ಸಿಕ್ಕುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಇಂದು ಒಂದೇ ಜಿಲ್ಲೆಯಲ್ಲಿರುವ ಈ ಊರುಗಳು ಸ್ವಾತಂತ್ರ್ಯಪೂರ್ವದಲ್ಲಿ ಒಂದೇ ಆಡಳಿತದಲ್ಲಿರಲಿಲ್ಲ. ಗದಗ-ಬೆಟಗೇರಿ ಮತ್ತು ಮುಂಡರಗಿಗಳು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದರೆ, ಪುಲಿಗೆರೆಯೆಂದು ಪ್ರಾಚೀನ ಸಾಹಿತ್ಯದಲ್ಲಿ ಹೆಸರಾದ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ, ಫಕೀರೇಶ್ವರ ಮಠದ ಶಿರಹಟ್ಟಿಯು ಸಾಂಗ್ಲಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ವಿಲೀನವಾದ ಮೇಲೆಯೇ ಇವೆಲ್ಲ ಒಂದೇ ಆಡಳಿತದಡಿ ಬಂದವು, 1997ರಲ್ಲಿ ಧಾರವಾಡ ಜಿಲ್ಲೆ ವಿಭಜನೆಯಾದಾಗ ಗದಗ ಜಿಲ್ಲೆಯ ಭಾಗವಾದವು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹಳಿ ಗದಗನ್ನು ಹುಬ್ಬಳ್ಳಿ, ಬಳ್ಳಾರಿ ಮತ್ತು ಹೊಟಗಿಗಳ ಕಡೆಗೆ ಜೋಡಿಸಿ ಅದನ್ನು ಜಂಕ್ಷನ್ ಆಗಿಸಿತಾದರೂ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಗೆ ಹಳಿ ಇಂದಿಗೂ ಬಂದಿಲ್ಲ. ಈ ವ್ಯತ್ಯಾಸದ ಪರಿಣಾಮ ಸುದ್ದಿಯ ಓಡಾಟದ ಮೇಲೂ ಆಯಿತು. ರೈಲಿನ ಜೊತೆಗೇ ತಂತಿಯ ಕಂಬಗಳೂ ಬಂದುದರಿಂದ ಗದಗಿನ ಹತ್ತಿಯ ಪೇಟೆಗೆ ಮುಂಬಯಿಯ ಧಾರಣೆ ಅದೇ ದಿನ ತಿಳಿಯುವಂತಾಯಿತು. ಮುಂಡರಗಿಯ ಎರೆಹೊಲದಲ್ಲಿ ಹತ್ತಿ ಬಿಡಿಸುವ ರೈತನಿಗೆ ಅದೇ ಧಾರಣೆ ಗದಗಿನಿಂದ ಮರಳಿದ ಬಂಡಿಯವರ ಬಾಯಿಂದ ತಿಳಿಯಬೇಕಾಗಿತ್ತು.

ತಂತಿ, ಅಂದರೆ ಟೆಲಿಗ್ರಾಂ, ಮಿತಿಯ ಮೊದಲ ಪಾಠವನ್ನು ಕಲಿಸಿತು. ಅದರ ದರ ಪದಗಳ ಎಣಿಕೆಯ ಮೇಲೆ ನಿಂತಿತ್ತು, ವಿಳಾಸದ ಪದಗಳೂ ಆ ಎಣಿಕೆಯಲ್ಲಿ ಸೇರುತ್ತಿದ್ದವು, ಒಕ್ಕಣೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರಬೇಕಾಗಿತ್ತು. ಹೀಗಾಗಿ ಓದು ಬಾರದವರು ಮಾಸ್ತರರನ್ನೋ ಪೋಸ್ಟ್ ಆಫೀಸಿನ ಕಾರಕೂನರನ್ನೋ ಕೇಳಿ, ಹೇಳಬೇಕಾದ ಹತ್ತು ಮಾತುಗಳಲ್ಲಿ ಯಾವ ನಾಲ್ಕು ಉಳಿಯಬೇಕೆಂದು ತೀರ್ಮಾನಿಸಿ ಬರೆಸುತ್ತಿದ್ದರು. ಮದುವೆ, ಹಬ್ಬಗಳ ಶುಭಾಶಯಗಳಿಗೆ ಇಲಾಖೆಯೇ ಸಿದ್ಧ ವಾಕ್ಯಗಳ ಪಟ್ಟಿಯನ್ನು ಮಾಡಿ ಒಂದೊಂದಕ್ಕೂ ಒಂದು ಸಂಖ್ಯೆ ಕೊಟ್ಟಿತ್ತು, ಸಂಖ್ಯೆಯನ್ನಷ್ಟೇ ಬರೆದರೆ ಆ ಕಡೆ ಪೂರ್ಣ ವಾಕ್ಯ ತಲುಪುತ್ತಿತ್ತು. ತಂತಿ ಬಂತೆಂದರೆ ಮನೆಯಲ್ಲಿ ಎದೆ ನಡುಗುವ ಕಾಲವದು. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಬರುವ ಆ ಕಾಗದ ಸಾವನ್ನೋ ಹೆರಿಗೆಯನ್ನೋ ಕೆಲಸದ ಆದೇಶವನ್ನೋ ತಂದಿರುತ್ತಿತ್ತು. ಮನುಷ್ಯನ ಗಮನವನ್ನು ಕಸಿಯುವ ಹಕ್ಕು ದೂರದ ಸುದ್ದಿಗೆ ಇದ್ದುದು ಅಪರೂಪಕ್ಕೆ ಮಾತ್ರ. 2013ರ ಜುಲೈ 15ರಿಂದ ದೇಶದಲ್ಲಿ ತಂತಿ ಸೇವೆ ನಿಂತುಹೋದಾಗ ಬಹುಪಾಲು ಜನರಿಗೆ ಅದು ಗೊತ್ತೇ ಆಗಲಿಲ್ಲ.

ಟೆಲಿಫೋನು ಈ ಸೀಮೆಯ ಜನಜೀವನದೊಳಗೆ ಬಹಳ ನಿಧಾನವಾಗಿ ಇಳಿಯಿತು. ಸ್ವಾತಂತ್ರ್ಯ ಬಂದಾಗ ಇಡೀ ದೇಶದಲ್ಲಿದ್ದ ಟೆಲಿಫೋನುಗಳ ಸಂಖ್ಯೆ ಲಕ್ಷವನ್ನೂ ಮುಟ್ಟಿರಲಿಲ್ಲವೆಂಬುದನ್ನು ನೆನೆದರೆ, ಅಡತಿ ಅಂಗಡಿ, ಜಿನ್ನಿಂಗ್ ಕಾರಖಾನೆ, ಸರಕಾರಿ ಕಚೇರಿ ಮತ್ತು ಕೆಲವೇ ವೈದ್ಯರ, ವಕೀಲರ ಮನೆಗಳ ಹೊರಗೆ ಅದು ಏಕೆ ಕಾಣಸಿಗುತ್ತಿರಲಿಲ್ಲವೆಂಬುದು ತಿಳಿಯುತ್ತದೆ. ದೂರದ ಊರಿಗೆ ಮಾತಾಡಬೇಕಾದವರು ಎಕ್ಸ್‌ಚೇಂಜಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಅಂದರೆ ಒಂದೂರಿನ ಎಕ್ಸ್‌ಚೇಂಜಿನ ಆಪರೇಟರು ಇನ್ನೊಂದೂರಿನ ಆಪರೇಟರನ್ನು ಹಿಡಿದು ಸಾಲನ್ನು ಜೋಡಿಸುವವರೆಗೆ ಕಾದು ಕೂರಬೇಕಾಗಿತ್ತು. ಸಾದಾ ಕರೆ, ಅರ್ಜೆಂಟ್ ಕರೆ, ಎಲ್ಲಕ್ಕಿಂತ ಮೊದಲು ಸಾಲು ಸಿಗುವ ಲೈಟ್ನಿಂಗ್ ಕರೆ ಎಂದು ಅದರಲ್ಲಿ ದರ್ಜೆಗಳಿದ್ದವು, ದರ್ಜೆ ಏರಿದಂತೆ ದರವೂ ಹಲವು ಪಟ್ಟು ಏರುತ್ತಿತ್ತು, ಮಾತಿನ ಅಳತೆ ಮೂರು ಮಿನಿಟುಗಳ ಲೆಕ್ಕದಲ್ಲಿತ್ತು. ಪಿ.ಪಿ. ಕಾಲ್ ಎಂಬ ಇನ್ನೊಂದು ಬಗೆಯಲ್ಲಿ, ಹೆಸರಿಸಿದ ವ್ಯಕ್ತಿಯೇ ಬಂದು ಫೋನು ಹಿಡಿಯುವವರೆಗೆ ಮಾತಿನ ದರ ಆರಂಭವಾಗುತ್ತಿರಲಿಲ್ಲ, ಅದಕ್ಕೆ ಬದಲಾಗಿ ಒಂದಿಷ್ಟು ಹೆಚ್ಚಿನ ಶುಲ್ಕ ತೆರಬೇಕಾಗಿತ್ತು. ಮಾತಾಡುವ ಇಬ್ಬರ ನಡುವೆ ಆಪರೇಟರ್ ಎಂಬ ಮೂರನೆಯ ಜೀವ ಯಾವಾಗಲೂ ಇರುತ್ತಿದ್ದ ಈ ವ್ಯವಸ್ಥೆಯಲ್ಲಿ ಗುಟ್ಟಿಗೆ ಅವಕಾಶ ಕಡಿಮೆ, ಹರಟೆಗೆ ಅವಕಾಶವೇ ಇಲ್ಲ.

ಪಿ.ಪಿ. ಎಂಬ ಎರಡು ಅಕ್ಷರಗಳಿಗೆ ಮುಂದೆ ಬೇರೊಂದು ಬಳಕೆ ಹುಟ್ಟಿತು, ಅದು ಈ ಸೀಮೆಯ ಸಾಮಾಜಿಕ ಚರಿತ್ರೆಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದುದು. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಸರದಿಯಲ್ಲಿ ಕಾಯಬೇಕಾಗಿದ್ದ ದಿನಗಳಲ್ಲಿ, ಓಣಿಗೆ ಒಂದೋ ಎರಡೋ ಇದ್ದ ಫೋನಿನ ಸಂಖ್ಯೆಯನ್ನು ನೆರೆಯವರೆಲ್ಲ ತಮ್ಮ ಬೀಗರಿಗೂ ಪರಸ್ಥಳದ ಮಕ್ಕಳಿಗೂ ಕೊಡುತ್ತಿದ್ದರು, ಆ ಸಂಖ್ಯೆಯ ಮುಂದೆ ಕಂಸದಲ್ಲಿ ಪಿ.ಪಿ. ಎಂದು ಬರೆಯುತ್ತಿದ್ದರು. ಮುದ್ರಣ ಕಾಶಿಯೆಂದು ಹೆಸರಾದ ಗದಗಿನ ಛಾಪಖಾನೆಗಳು ಅಚ್ಚು ಹಾಕುತ್ತಿದ್ದ ಲಗ್ನಪತ್ರಿಕೆ, ಅಂಗಡಿಯ ಪಾವತಿ ಪುಸ್ತಕ, ವಿಸಿಟಿಂಗ್ ಕಾರ್ಡುಗಳಂಥ ಕಾಗದಗಳ ಮೇಲೆ ಆ ಎರಡಕ್ಷರಗಳು ತಪ್ಪದೆ ಕಾಣುತ್ತಿದ್ದವು. ಫೋನಿದ್ದ ಮನೆಯವರು ಕರೆ ಬಂದಾಗ ಹುಡುಗನನ್ನು ಓಡಿಸಿ ನೆರೆಯವರನ್ನು ಕರೆಸುತ್ತಿದ್ದರು. ಕರೆ ಮಾಡಿದವರು ಹತ್ತು ನಿಮಿಷ ಬಿಟ್ಟು ಮತ್ತೆ ಮಾಡುತ್ತಿದ್ದರು. ಬಂದವರು ಪಡಸಾಲೆಯಲ್ಲಿ ನಿಂತು, ಮನೆಮಂದಿಯೆಲ್ಲ ಕೇಳುವಂತೆ ಗಟ್ಟಿ ದನಿಯಲ್ಲಿ ಕ್ಷೇಮಸಮಾಚಾರ ಮುಗಿಸಿ, ಚಹಾ ಕುಡಿದು ಹೋಗುತ್ತಿದ್ದರು. ರಾತ್ರಿ ಊಟದ ಹೊತ್ತಿಗೆ ಮತ್ತು ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಅನ್ಯರ ಮನೆಗೆ ಫೋನು ಮಾಡಬಾರದೆಂಬ ರೂಢಿಯನ್ನು ಯಾವ ಸರಕಾರವೂ ಹೊರಡಿಸಲಿಲ್ಲ. ಫೋನು ಪರರದಾಗಿದ್ದುದೇ ಆ ರೂಢಿಗೆ ಕಾರಣ.

ಈ ಸ್ಥಿತಿಯನ್ನು ಬದಲಿಸಿದ ಯಂತ್ರದ ಮೊದಲ ಹೆಜ್ಜೆ ಬಿದ್ದದ್ದು ಉತ್ತರ ಕರ್ನಾಟಕದಲ್ಲೇ ಎಂಬುದು ಅನೇಕರಿಗೆ ತಿಳಿಯದ ಸಂಗತಿ. 1984ರಲ್ಲಿ ಸ್ಯಾಮ್ ಪಿತ್ರೋಡಾ ಅವರ ಮುಂದಾಳತ್ವದಲ್ಲಿ ರೂಪುಗೊಂಡ ಸಿ-ಡಾಟ್ ಸಂಸ್ಥೆಯು, ಹಳ್ಳಿಗಳ ಧೂಳು ಮತ್ತು ಬಿಸಿಲನ್ನು ತಡೆದು ಹವಾನಿಯಂತ್ರಣವಿಲ್ಲದೆಯೇ ನಡೆಯಬಲ್ಲ 128 ಸಾಲುಗಳ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜನ್ನು ತಯಾರಿಸಿ, ಅದನ್ನು ಮೊಟ್ಟಮೊದಲು 1986ರ ಜುಲೈಯಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿಸಿತು. ರಾಣಿ ಚನ್ನಮ್ಮನ ಊರಿನಿಂದ ಹೊರಟ ಈ ಯಂತ್ರ ಮುಂದಿನ ವರ್ಷಗಳಲ್ಲಿ ದೇಶದ ಸಣ್ಣಪುಟ್ಟ ಪಟ್ಟಣಗಳನ್ನೆಲ್ಲ ಹೊಕ್ಕಿತು, ಆಪರೇಟರ ನೆರವಿಲ್ಲದೆ ನೇರವಾಗಿ ದೂರದೂರಿಗೆ ಡಯಲ್ ಮಾಡುವ ಎಸ್.ಟಿ.ಡಿ. ಸೌಲಭ್ಯ ಅದರ ಬೆನ್ನಿಗೇ ಬಂತು. ಗದಗಿಗೆ 08372, ಮುಂಡರಗಿಗೆ 08371, ಶಿರಹಟ್ಟಿ ಮತ್ತು ಲಕ್ಷ್ಮೇಶ್ವರಗಳಿಗೆ ಕೂಡಿ 08487 ಎಂಬ ಕೋಡುಗಳು ಜನರ ಬಾಯಲ್ಲಿ ನೆಲೆಸಿದವು. ಒಂದೇ ಕೋಡಿನೊಳಗಿನ ಕರೆ ಲೋಕಲ್, ಕೋಡು ದಾಟಿದರೆ ಹೊರಗಿನ ಕರೆ ಎಂಬ ಲೆಕ್ಕದಿಂದಾಗಿ ಶಿರಹಟ್ಟಿಯವರಿಗೆ ಲಕ್ಷ್ಮೇಶ್ವರವು ಹತ್ತಿರದ ಊರಾಗಿಯೂ ಮುಂಡರಗಿಯು ಪರಸ್ಥಳವಾಗಿಯೂ ಉಳಿದವು, ಮುಂದೆ ನೆರೆಯ ಕೋಡುಗಳಿಗೆ ಸೊನ್ನೆಯ ಬದಲು 95 ಒತ್ತಿ ಕಡಿಮೆ ದರದಲ್ಲಿ ಮಾತಾಡುವ ಏರ್ಪಾಡು ಬಂದಾಗಲೇ ಈ ಅಂತರ ಕುಗ್ಗಿತು.

ಎಸ್.ಟಿ.ಡಿ. ಬೂತು ಈ ಸೀಮೆಯ ಮಿತ ಫೋನಿನ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸಮೃದ್ಧವಾದ ಅಧ್ಯಾಯ. ಬಸ್‌ಸ್ಟ್ಯಾಂಡಿನ ಎದುರು, ಮಾರ್ಕೆಟ್ಟಿನ ಮೂಲೆಯಲ್ಲಿ, ಆಸ್ಪತ್ರೆಯ ಬಳಿಯಲ್ಲಿ ಹಳದಿ ಬೋರ್ಡಿನ ಮೇಲೆ ಕಪ್ಪು ಅಕ್ಷರಗಳಲ್ಲಿ ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಓ. ಎಂದು ಬರೆದ ಈ ಪುಟ್ಟ ಅಂಗಡಿಗಳನ್ನು ಮಂಜೂರು ಮಾಡುವಾಗ ಅಂಗವಿಕಲರಿಗೆ ಆದ್ಯತೆ ನೀಡುವ ನೀತಿಯಿದ್ದುದರಿಂದ, ಅನೇಕ ಮನೆಗಳಿಗೆ ಅದೇ ಜೀವನಾಧಾರವಾಯಿತು. ಒಳಗೆ ಗಾಜಿನ ಬಾಗಿಲಿನ ಒಂದು ಕಿರುಕೋಣೆ, ಅದರಲ್ಲೊಂದು ಸ್ಟೂಲು, ತಲೆಯ ಮೇಲೆ ಸಣ್ಣ ಫ್ಯಾನು, ಕಣ್ಣಿಗೆ ನೇರವಾಗಿ ಕೆಂಪು ಅಂಕಿಗಳ ಮೀಟರು. ಆ ಕಡೆಯವರು ಫೋನೆತ್ತಿದೊಡನೆ ಮೀಟರಿನ ಅಂಕಿ ಏರತೊಡಗುತ್ತಿತ್ತು, ಊರು ದೂರವಾದಷ್ಟೂ ಬೇಗ ಬೇಗ ಏರುತ್ತಿತ್ತು, ಮಾತಾಡುವವರ ಒಂದು ಕಣ್ಣು ಸದಾ ಅದರ ಮೇಲೇ ಇರುತ್ತಿತ್ತು. ಮಾತು ಮುಗಿದಾಗ ಹೊರಗಿನ ಯಂತ್ರ ಕಟಕಟ ಸದ್ದಿನೊಡನೆ ಒಂದು ಕಿರುಚೀಟಿಯನ್ನು ಉಗುಳುತ್ತಿತ್ತು, ಅದರಲ್ಲಿ ಸಂಖ್ಯೆ, ಸಮಯ, ಸೆಕೆಂಡುಗಳ ಸಮೇತ ಅವಧಿ ಮತ್ತು ತೆರಬೇಕಾದ ಹಣ ಅಚ್ಚಾಗಿರುತ್ತಿದ್ದವು. ತಮ್ಮ ಮಾತು ಎಷ್ಟು ಹೊತ್ತು ನಡೆಯಿತೆಂಬುದನ್ನು ಅಚ್ಚಿನಲ್ಲಿ ಓದಿ, ಅಲ್ಲೇ ಹಣ ಎಣಿಸಿಕೊಟ್ಟು ಹೊರಬೀಳುತ್ತಿದ್ದ ಆ ತಲೆಮಾರಿಗೆ ಮಾತಿನ ಬೆಲೆ ಕಣ್ಣೆದುರಿನ ಸಂಗತಿಯಾಗಿತ್ತು.

ಬೂತಿಗೂ ಗುಳೆಗೂ ಇದ್ದ ಸಂಬಂಧವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಮಳೆಯನ್ನೇ ನಂಬಿದ ಮುಂಡರಗಿ, ಶಿರಹಟ್ಟಿ ಭಾಗದ ಹಳ್ಳಿಗಳಿಂದ ಮತ್ತು ಲಂಬಾಣಿ ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಗೋವೆ, ಮಂಗಳೂರು, ಬೆಂಗಳೂರುಗಳ ಕಟ್ಟಡ ಕೆಲಸಕ್ಕೆ ಕುಟುಂಬಗಳೇ ಹೊರಟುಹೋಗುವುದನ್ನು ಗುಳೆ ಹೋಗುವುದು ಎನ್ನುತ್ತಾರೆ. ಹಾಗೆ ಹೋದವರು ಊರಿನಲ್ಲಿ ಬಿಟ್ಟುಬಂದ ಮುದುಕರ, ಶಾಲೆಯ ಮಕ್ಕಳ ಸುದ್ದಿ ತಿಳಿಯಲು ಬೂತನ್ನೇ ನಂಬಿದ್ದರು. ರಾತ್ರಿ ಹನ್ನೊಂದರ ನಂತರ ಎಸ್.ಟಿ.ಡಿ. ಕರೆಗೆ ಕಾಲು ದರವಿದ್ದುದರಿಂದ ದಣಿದ ಮೈಯಲ್ಲೂ ಆ ಹೊತ್ತಿನವರೆಗೆ ಎಚ್ಚರವಿದ್ದು, ಬೂತಿನ ಮುಂದೆ ಸರದಿಯಲ್ಲಿ ನಿಂತು ಮಾತಾಡುವ ರೂಢಿ ದುಡಿಯುವ ಜನರಲ್ಲಿ ಬೆಳೆಯಿತು. ಇತ್ತ ಊರಿನ ಅಂಗಡಿಯವರಿಗೆ ಮೊದಲೇ ಹೇಳಿ, ಇಂಥ ವಾರ ಇಂಥ ಹೊತ್ತಿಗೆ ಬಂದು ಕೂಡಲು ಮನೆಯವರಿಗೆ ತಿಳಿಸಿರುತ್ತಿದ್ದರು. ವಾರಕ್ಕೊಂದು ಕರೆ, ಕರೆಗೆ ನಾಲ್ಕು ನಿಮಿಷ; ಹೇಳಬೇಕಾದುದನ್ನು ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡು ಬಂದ ತಾಯಿಯ ಆ ನಾಲ್ಕು ನಿಮಿಷದ ಮಾತಿಗೆ, ಅವಳ ಇಡೀ ವಾರದ ಸಿದ್ಧತೆ ಇರುತ್ತಿತ್ತು.

ಹಾಗೆಂದು ಆ ಕಾಲವನ್ನು ಹೊಗಳುವುದರಲ್ಲೇ ನಿಂತರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಬೂತಿನ ಎದುರು ಕಾಯುತ್ತ ನಿಂತ ಹತ್ತು ಜನರ ಕಿವಿಗೆ ಬೀಳುವಂತೆ ಗಂಡನೊಡನೆ ಮಾತಾಡಬೇಕಾಗಿದ್ದ ಹೆಣ್ಣುಮಗಳಿಗೆ, ಅತ್ತೆಮನೆಯ ಕಷ್ಟವನ್ನು ತವರಿಗೆ ಹೇಳಿಕೊಳ್ಳಲು ನೆರೆಮನೆಯ ಪಡಸಾಲೆಯ ಹೊರತು ಬೇರೆ ಜಾಗವಿಲ್ಲದಿದ್ದ ಸೊಸೆಗೆ, ನಡುರಾತ್ರಿ ಹೆರಿಗೆ ಬೇನೆ ಬಂದಾಗ ಮುಚ್ಚಿದ ಅಂಗಡಿಯ ಬಾಗಿಲು ಬಡಿಯಬೇಕಾಗಿದ್ದ ಹಳ್ಳಿಯವರಿಗೆ ಆ ಮಿತಿಯು ನೋವಿನ ಸಂಗತಿಯೇ ಆಗಿತ್ತು. 1994ರ ದೂರಸಂಪರ್ಕ ನೀತಿಯು ಪ್ರತಿಯೊಂದು ಹಳ್ಳಿಗೂ ಸಾರ್ವಜನಿಕ ಟೆಲಿಫೋನನ್ನು ಗುರಿಯಾಗಿಟ್ಟುಕೊಂಡಿತು. 2002ರ ಡಿಸೆಂಬರಿನಲ್ಲಿ ಆರಂಭವಾದ ಗ್ರಾಮೀಣ ಸಂಚಾರ ಸೇವಕ ಯೋಜನೆಯಲ್ಲಿ ಅಂಚೆಯವರೇ ನಿಸ್ತಂತು ಫೋನನ್ನು ಹೊತ್ತು ಮನೆಬಾಗಿಲಿಗೆ ಹೋಗಿ ಜನರಿಗೆ ಮಾತಾಡಿಸುವ ಏರ್ಪಾಡು ಮಾಡಲಾಯಿತು. ಬಡವರ ಮನೆಬಾಗಿಲಿಗೆ ಫೋನನ್ನು ಒಯ್ಯಬೇಕೆಂಬ ಈ ಯೋಚನೆ ಉದಾತ್ತವಾದುದು, ಆದರೆ ಅಷ್ಟರಲ್ಲೇ ಕಿಸೆಯ ಫೋನು ಬಂದು ಅದನ್ನು ಹಿಂದಿಕ್ಕಿತು.

ದೇಶದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಆಗ ನಿಮಿಷಕ್ಕೆ 16 ರೂಪಾಯಿಯವರೆಗೂ ಇದ್ದ ದರ ಮತ್ತು ಬಂದ ಕರೆಗೂ ಹಣ ಕಟ್ಟಬೇಕೆಂಬ ನಿಯಮ ಅದನ್ನು ದೊಡ್ಡ ವ್ಯಾಪಾರಿಗಳ ಸೊತ್ತಾಗಿಸಿದ್ದವು. 2002ರ ಕೊನೆಗೆ ಬಿ.ಎಸ್.ಎನ್.ಎಲ್. ಮೊಬೈಲ್ ಸೇವೆಗೆ ಇಳಿದುದು ಮತ್ತು 2003ರಲ್ಲಿ ಬರುವ ಕರೆ ಉಚಿತವಾದುದು ಈ ಸೀಮೆಯ ಮಟ್ಟಿಗೆ ನಿಜವಾದ ತಿರುವು. ಅದೇ 2003ರಲ್ಲಿ ಮಾರುಕಟ್ಟೆಗೆ ಬಂದು ಜಗತ್ತಿನಾದ್ಯಂತ 25 ಕೋಟಿಗೂ ಹೆಚ್ಚು ಮಾರಾಟವಾದ ನೋಕಿಯಾ 1100 ಎಂಬ ಸೆಟ್ಟು, ಎರೆನಾಡಿನ ಬದುಕಿಗೆಂದೇ ತಯಾರಾದಂತಿತ್ತು: ಧೂಳು ಒಳಹೋಗದಂತೆ ಗುಂಡಿಗಳ ಮೇಲೆ ಹೊದಿಸಿದ ಒಂದೇ ತುಂಡಿನ ರಬ್ಬರು, ಬೆವರಿದ ಕೈಯಿಂದ ಜಾರದ ಬದಿಗಳು, ಒಮ್ಮೆ ಚಾರ್ಜು ಮಾಡಿದರೆ ದಿನಗಟ್ಟಲೆ ಉಳಿಯುವ ಬ್ಯಾಟರಿ, ತುದಿಯಲ್ಲೊಂದು ಬ್ಯಾಟರಿ ದೀಪ. ರಾತ್ರಿ ಪಾಳಿಯಲ್ಲಿ ಮಾತ್ರ ತ್ರೀಫೇಸ್ ಕರೆಂಟು ಬರುತ್ತಿದ್ದ ಊರುಗಳಲ್ಲಿ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತನಿಗೆ ಆ ದೀಪ ಹಾವು ಚೇಳುಗಳಿಂದ ಕಾಯುವ ಬೆಳಕಾಯಿತು. ಕಪ್ಪತಗುಡ್ಡದ ಮರೆಯ ಊರುಗಳಲ್ಲಿ ಸಿಗ್ನಲ್ ಸಿಗುವ ದಿಬ್ಬವನ್ನೋ ಮಾಳಿಗೆಯನ್ನೋ ಹುಡುಕಿ ಹತ್ತಬೇಕಾಗುತ್ತಿತ್ತು, ಹಾಗಾಗಿ ಅಲ್ಲಿ ಕಿಸೆಯ ಫೋನಿಗೂ ಕೆಲಕಾಲ ಸ್ಥಳದ ಮಿತಿ ಉಳಿಯಿತು.

ಹಣದ ಮಿತಿಯನ್ನು ಜನ ತಮ್ಮದೇ ಜಾಣ್ಮೆಯಿಂದ ನಿಭಾಯಿಸಿದರು. ಫೋನಿಗೆ ತುಂಬಿಸುವ ಹಣವನ್ನು ಕರೆನ್ಸಿ ಎಂದು ಕರೆದು, ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿ ಅದನ್ನು ತಿಂಗಳವರೆಗೆ ಎಳೆಯುವ ವಿದ್ಯೆ ಬೆಳೆಯಿತು. ಒಂದೆರಡು ಸಲ ರಿಂಗಾಗಿಸಿ ಕಡಿದುಬಿಡುವ ಮಿಸ್ಡ್ ಕಾಲಿಗೆ ಮನೆಮನೆಯಲ್ಲೂ ಒಪ್ಪಂದದ ಅರ್ಥಗಳಿದ್ದವು: ಒಂದು ಕೊಟ್ಟರೆ ಬಸ್ಸು ಹತ್ತಿದೆ, ಎರಡು ಕೊಟ್ಟರೆ ತಿರುಗಿ ಫೋನು ಮಾಡು. ಬೆಟಗೇರಿಯ ನೇಕಾರ ನೂಲು ಬೇಕೆಂದು ತಿಳಿಸಲು, ಲಕ್ಷ್ಮೇಶ್ವರದ ಟಂಟಂ ಚಾಲಕ ಹೊರಟೆನೆಂದು ಹೇಳಲು ಒಂದು ಪೈಸೆಯೂ ಖರ್ಚಾಗದ ಈ ಸಂಜ್ಞೆ ಸಾಕಾಗುತ್ತಿತ್ತು. ಹಳೆಯ ತಂತಿಯಲ್ಲಿ ವಾಕ್ಯದ ಬದಲು ಸಂಖ್ಯೆಯನ್ನು ಕಳಿಸಿದ ಕ್ರಮವೇ ಇಲ್ಲಿ ಬೇರೆ ರೂಪದಲ್ಲಿ, ಯಾವ ಇಲಾಖೆಯ ನೆರವೂ ಇಲ್ಲದೆ, ಮತ್ತೆ ಹುಟ್ಟಿದಂತಾಯಿತು.

ಗುಂಡಿಗಳಿದ್ದ ಸೆಟ್ಟಿನ ಇನ್ನೊಂದು ಗುಣ ಗದಗಿನಂಥ ಊರಿನಲ್ಲಿ ವಿಶೇಷ ಅರ್ಥ ಪಡೆಯುತ್ತದೆ. ಪಂಚಾಕ್ಷರ ಗವಾಯಿಗಳು ಕಟ್ಟಿ, ಪುಟ್ಟರಾಜ ಗವಾಯಿಗಳು ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವು ಅಂಧ ಮಕ್ಕಳಿಗೆ ಸಂಗೀತ ಕಲಿಸುತ್ತ ಬಂದ ಊರು ಇದು. ಕೀಪ್ಯಾಡಿನ 5ರ ಗುಂಡಿಯ ಮೇಲೆ ಬೆರಳಿಗೆ ತಾಗುವ ಒಂದು ಉಬ್ಬು ಚುಕ್ಕೆಯಿರುತ್ತದೆ. ಕಣ್ಣು ಕಾಣದವರು ಆ ಚುಕ್ಕೆಯನ್ನು ನಡುವೆಂದು ಹಿಡಿದು, ಉಳಿದ ಅಂಕಿಗಳ ಗುಂಡಿಗಳನ್ನು ಯಾರ ನೆರವೂ ಇಲ್ಲದೆ ಗುರುತಿಸಿ ಸಂಖ್ಯೆ ಒತ್ತಬಲ್ಲರು. ನುಣುಪಾದ ಗಾಜಿನ ಪರದೆಯ ಮೇಲೆ ಅಂಥ ಹಿಡಿತ ಸಿಗುವುದಿಲ್ಲ, ಅಲ್ಲಿ ಅವರು ಓದಿ ಹೇಳುವ ತಂತ್ರಾಂಶವನ್ನು ನಂಬಬೇಕಾಗುತ್ತದೆ. ಸೌಲಭ್ಯ ಹೆಚ್ಚಿದಂತೆ ಸಾಧನ ಎಲ್ಲರಿಗೂ ಸುಲಭವಾಗುತ್ತ ಹೋಗುತ್ತದೆಂಬ ಸಾಮಾನ್ಯ ನಂಬಿಕೆಯನ್ನು ಈ ಒಂದು ಚುಕ್ಕೆಯೇ ಅಲ್ಲಗಳೆಯುತ್ತದೆ.

ಆದರೂ ಕೀಪ್ಯಾಡ್ ಸೆಟ್ಟು ಚಿತ್ತಚಾಂಚಲ್ಯದಿಂದ ಪೂರ್ತಿ ಮುಕ್ತವಾಗಿತ್ತೆಂದು ಹೇಳಲಾಗದು. ಹಾವಿನ ಆಟ, ಕಾಲರ್ ಟ್ಯೂನು, ದಿನಕ್ಕಿಷ್ಟೆಂದು ಉಚಿತ ಸಂದೇಶ ಕೊಡುವ ಪ್ಯಾಕುಗಳು, ಮೊಬೈಲ್ ಅಂಗಡಿಯ ಕಂಪ್ಯೂಟರಿನಿಂದ ಮೆಮೊರಿ ಕಾರ್ಡಿಗೆ ತುಂಬಿಸಿಕೊಂಡ ನಾಟಕದ ಹಾಡು, ತತ್ವಪದ, ಸಿನಿಮಾ ಇವೆಲ್ಲ ಅದರೊಳಗೂ ಇದ್ದವು. ವದಂತಿಯನ್ನು ಹಬ್ಬಿಸುವ ಶಕ್ತಿಯೂ ಅದಕ್ಕಿತ್ತು: 2012ರ ಆಗಸ್ಟ್‌ನಲ್ಲಿ ಹಲ್ಲೆಯ ಬೆದರಿಕೆಯ ಸುಳ್ಳು ಸಂದೇಶಗಳು ಹರಿದಾಡಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರನ್ನು ತೊರೆದು ರೈಲು ಹತ್ತಿದಾಗ, ಸರಕಾರ ಕೆಲದಿನಗಳ ಮಟ್ಟಿಗೆ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್.ಎಂ.ಎಸ್. ಕಳಿಸದಂತೆ ನಿರ್ಬಂಧ ಹೇರಬೇಕಾಯಿತು. ವ್ಯತ್ಯಾಸವಿದ್ದುದು ಬೇರೆಡೆ. ಆ ಸೆಟ್ಟಿನಲ್ಲಿ ಆಟಕ್ಕೂ ಹಾಡಿಗೂ ಒಂದು ಕೊನೆಯಿತ್ತು, ಮತ್ತು ಬಳಸುವವನು ಕೈಗೆತ್ತಿಕೊಂಡಾಗಲ್ಲದೆ ಅದು ತಾನಾಗಿ ಅವನನ್ನು ಕರೆಯುತ್ತಿರಲಿಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಡೇಟಾ, ಅಂದರೆ ಇಂಟರ್ನೆಟ್ ಬಳಕೆಯ ಪ್ರಮಾಣ, ಕೈಗೆಟಕುವ ದರಕ್ಕಿಳಿದ ಮೇಲೆ ಈ ಎರಡೂ ಗುಣಗಳು ಹೋದವು. ಬೆರಳಾಡಿಸಿದಷ್ಟೂ ಕೆಳಗಿನಿಂದ ಹೊಸದು ಬರುತ್ತಲೇ ಇರುವ ಪುಟ, ಒಂದು ವಿಡಿಯೋ ಮುಗಿಯುವ ಮುನ್ನವೇ ಇನ್ನೊಂದನ್ನು ಸಾಲಿಗಿಡುವ ಏರ್ಪಾಡು, ಹೊಸ ಸಂಗತಿ ಬಂದಿದೆಯೆಂದು ಗಳಿಗೆಗೊಮ್ಮೆ ಸದ್ದು ಮಾಡುವ ನೋಟಿಫಿಕೇಶನ್ನು ಇವೆಲ್ಲ ಅಕಸ್ಮಾತ್ತಾಗಿ ಸೇರಿಕೊಂಡವಲ್ಲ. ಬಳಕೆದಾರ ಪರದೆಯ ಮುಂದೆ ಕಳೆದ ಹೊತ್ತನ್ನೇ ಜಾಹೀರಾತುದಾರರಿಗೆ ಮಾರುವ ವ್ಯಾಪಾರದ ಅಗತ್ಯಕ್ಕೆ ತಕ್ಕಂತೆ ಅವು ರೂಪುಗೊಂಡಿವೆ. ಟ್ರಂಕ್ ಕಾಲಿನ ಕಾಲದಲ್ಲೂ ಬೂತಿನ ಕಾಲದಲ್ಲೂ ಮಾತು ಚಿಕ್ಕದಾದಷ್ಟೂ ಮಾತಾಡಿದವರಿಗೆ ಲಾಭವಿತ್ತು, ಅವರು ಹಣ ತೆತ್ತದ್ದು ಸಂಪರ್ಕಕ್ಕೆ. ಈಗ ಹಣ ಬರುವ ದಾರಿ ಬದಲಾಗಿ, ಹೊತ್ತು ಹೆಚ್ಚು ಕಳೆದಷ್ಟೂ ಲಾಭ ಬೇರೆಯವರದಾಯಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆ ಚಿಕಿತ್ಸೆ ನೀಡುವ ಪ್ರತ್ಯೇಕ ಕ್ಲಿನಿಕ್ಕನ್ನು ತೆರೆದದ್ದು ಈ ಬದಲಾವಣೆಯ ಮುನ್ಸೂಚನೆಯಾಗಿತ್ತು.

ಕೊರೊನಾ ಕಾಲವು ಸಣ್ಣ ಸೆಟ್ಟಿನವರನ್ನು ಸರಕಾರಿ ಕಾಗದಪತ್ರಗಳಲ್ಲಿ ಒಂದು ವರ್ಗವಾಗಿ ಗುರುತಿಸಿತು. 2020ರ ಆಗಸ್ಟ್‌ನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ ಆರಂಭಿಸಿದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮನೆಯಲ್ಲಿ ಫೋನೇ ಇಲ್ಲದವರು, ಇಂಟರ್ನೆಟ್ ಇಲ್ಲದ ಫೋನುಳ್ಳವರು, ಇಂಟರ್ನೆಟ್ ಸಹಿತ ಸ್ಮಾರ್ಟ್‌ಫೋನುಳ್ಳವರು ಎಂದು ವಿಂಗಡಿಸಿ, ಶಿಕ್ಷಕರೇ ಗುಡಿಯ ಕಟ್ಟೆಗೂ ಸಮುದಾಯ ಭವನಕ್ಕೂ ಹೋಗಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಅದೇ ವರ್ಷ ರೈತರು ತಮ್ಮ ಬೆಳೆಯ ವಿವರವನ್ನು ತಾವೇ ಆ್ಯಪಿನಲ್ಲಿ ದಾಖಲಿಸುವ ಬೆಳೆ ಸಮೀಕ್ಷೆ ಜಾರಿಗೆ ಬಂತು, ಕೀಪ್ಯಾಡ್ ಸೆಟ್ಟಿನ ರೈತರು ತಮ್ಮ ಹೊಲದ ಚಿತ್ರ ತೆಗೆಸಲು ಊರಿನ ಹುಡುಗರನ್ನು ಅವಲಂಬಿಸಬೇಕಾಯಿತು. ಮಕ್ಕಳ ಪಾಠಕ್ಕೆಂದು ಸಾಲ ಮಾಡಿ ಕೊಂಡ ಟಚ್ ಮೊಬೈಲು ಶಾಲೆ ತೆರೆದ ಮೇಲೂ ಮಕ್ಕಳ ಕೈಯಲ್ಲೇ ಉಳಿದದ್ದು ಆ ವರ್ಷಗಳ ದೊಡ್ಡ ಪರಿಣಾಮ.

ಮರಳುವಿಕೆಯ ಮಾತು ಏಳುವುದು ಈ ಹಿನ್ನೆಲೆಯಲ್ಲಿ. ಅಮೆರಿಕದಲ್ಲಿ 2015ರಲ್ಲಿ ಜನರಿಂದ ಹಣ ಕೂಡಿಸಿ ತಯಾರಿಸಿದ, ಕರೆಯ ಹೊರತು ಬೇರೇನನ್ನೂ ಮಾಡದ ಲೈಟ್ ಫೋನು, 2017ರಲ್ಲಿ ಹೊಸ ರೂಪದಲ್ಲಿ ಮತ್ತೆ ಬಂದ ನೋಕಿಯಾ 3310 ಇವು ಸುದ್ದಿಯಾದವು; ಇತ್ತ ಸ್ಪರ್ಧಾತ್ಮಕ ಪರೀಕ್ಷೆಗೆಂದು ಧಾರವಾಡದ ರೂಮುಗಳಲ್ಲಿದ್ದು ಓದುವ ಯುವಕರು ಪರೀಕ್ಷೆ ಮುಗಿಯುವವರೆಗೆ ಟಚ್ ಮೊಬೈಲನ್ನು ಮನೆಯಲ್ಲಿಟ್ಟು ಡಬ್ಬಾ ಫೋನು ಹಿಡಿಯುವುದು ಯಾರ ಗಮನಕ್ಕೂ ಬಾರದೆ ಒಂದು ರೂಢಿಯಾಗಿ ಬೆಳೆಯಿತು. ಇವೆಲ್ಲ ಒಬ್ಬೊಬ್ಬರ ಸಂಕಲ್ಪದ ಮೇಲೆ ನಿಂತ ಪ್ರಯತ್ನಗಳಾಗಿದ್ದು, ಸುತ್ತಲಿನವರೆಲ್ಲ ವಾಟ್ಸಾಪಿನಲ್ಲೇ ವ್ಯವಹರಿಸುವಾಗ ಒಬ್ಬನ ಸಂಕಲ್ಪ ಬಹುಕಾಲ ನಿಲ್ಲುವುದು ಕಷ್ಟ. ಹಿಂದಿನ ಕಟ್ಟುಪಾಡುಗಳು ನಿಂತದ್ದು ಇಡೀ ಓಣಿ, ಇಡೀ ಊರು ಅವುಗಳಲ್ಲಿ ಪಾಲುಗೊಂಡಿದ್ದುದರಿಂದ.

ಈ ದೃಷ್ಟಿಯಿಂದ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯ ಪ್ರಯೋಗ ಹೆಚ್ಚು ಬೆಲೆಯುಳ್ಳದ್ದು. 2022ರಲ್ಲಿ ಆ ಊರಿನವರು ಗ್ರಾಮಸಭೆಯಲ್ಲಿ ಕೂತು ನಿರ್ಣಯಿಸಿ, ಪ್ರತಿದಿನ ಸಂಜೆ ಏಳಕ್ಕೆ ಗುಡಿಯ ಮೇಲಿನ ಸೈರನ್ನು ಕೂಗಿದೊಡನೆ ಟಿ.ವಿ., ಮೊಬೈಲುಗಳನ್ನು ಒಂದೂವರೆ ತಾಸು ಬಂದ್ ಮಾಡಿ ಮಕ್ಕಳನ್ನು ಓದಿಗೆ ಕೂಡಿಸುವ ಕ್ರಮವನ್ನು ಜಾರಿಗೆ ತಂದರು. ಮುಂದೆ ಬೆಳಗಾವಿ ಬಳಿಯ ಹಲಗಾ ಗ್ರಾಮದಲ್ಲೂ ಸಂಜೆಯ ಎರಡು ತಾಸು ಅಂಥದೇ ಕ್ರಮ ಬಂತು. ಒಂದು ಕಾಲಕ್ಕೆ ಸಾಂಗ್ಲಿಯಿಂದಲೇ ಆಳಿಸಿಕೊಂಡ ಶಿರಹಟ್ಟಿಯ ಸೀಮೆಗೆ ಈ ಮಾದರಿ ಪರಕೀಯವೇನಲ್ಲ. ಗದಗಿನ ತೋಂಟದಾರ್ಯ ಮಠದ ವಾರದ ಶಿವಾನುಭವ ಗೋಷ್ಠಿ, ಶ್ರಾವಣದ ಪುರಾಣ-ಪ್ರವಚನ, ಹಳ್ಳಿಯ ಭಜನೆ ಇವುಗಳ ಮೂಲಕ ಊರೆಲ್ಲ ಕೂಡಿ ಒಂದು ಹೊತ್ತನ್ನು ಎತ್ತಿಡುವ ಅಭ್ಯಾಸ ಇಲ್ಲಿ ಹಳೆಯದು, ಅದಕ್ಕೆ ಹೊಸ ಉದ್ದೇಶವೊಂದನ್ನು ಜೋಡಿಸಬೇಕಷ್ಟೆ.

ಇದರ ಜೊತೆಗೆ ಆಡಳಿತ ಮಾಡಬೇಕಾದ ಕೆಲಸವೂ ಒಂದಿದೆ. 2022ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು ಕೀಪ್ಯಾಡ್ ಸೆಟ್ಟಿನಿಂದಲೂ ಹಣ ಪಾವತಿಸಬಲ್ಲ ಯು.ಪಿ.ಐ. 123 ಪೇ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು, ಇಂಟರ್ನೆಟ್ ಇಲ್ಲದ ಫೋನಿನವರನ್ನು ಹೊರಗಿಡಬಾರದೆಂಬ ತತ್ವ ಅದರಲ್ಲಿ ಅಡಗಿದೆ. ಬಡತನದಿಂದಲೋ ವಯಸ್ಸಿನಿಂದಲೋ ಸಣ್ಣ ಸೆಟ್ಟನ್ನು ಬಳಸುವವರಿಗೂ, ಮನಸ್ಸಿನ ನೆಮ್ಮದಿಗಾಗಿ ಬೇಕೆಂದೇ ಅದನ್ನು ಆರಿಸಿಕೊಂಡವರಿಗೂ ಈ ತತ್ವ ಸಮಾನವಾಗಿ ಅನ್ವಯಿಸಬೇಕು. ಗದಗ ಜಿಲ್ಲೆಯ ಗ್ರಾಮ ಪಂಚಾಯಿತಿ, ರೈತ ಸಂಪರ್ಕ ಕೇಂದ್ರ, ಶಾಲೆ ಮತ್ತು ಆಸ್ಪತ್ರೆಗಳು ವಾಟ್ಸಾಪ್ ಗುಂಪಿನಲ್ಲಿ ಹಾಕುವ ಪ್ರತಿಯೊಂದು ಸೂಚನೆಯನ್ನು ನೋಟಿಸ್ ಬೋರ್ಡಿನ ಮೇಲೂ ಹಚ್ಚಲಿ, ಆ್ಯಪಿನಲ್ಲಿ ಪಡೆಯುವ ಪ್ರತಿಯೊಂದು ಅರ್ಜಿಯನ್ನು ಕೌಂಟರಿನಲ್ಲೂ ಪಡೆಯಲಿ.